ಮಿದುಳಿಗೆ ಹೋಗುವ ಹುಳು ಯಾವುದು?

ಎಲೆಕೋಸು ಹೆಚ್ಚುವ ಮೊದಲು ಒಂದೊಂದೇ ಎಲೆ ಬಿಡಿಸಿ ಬೆಳಕಿಗೆ ಹಿಡಿದು ನೋಡುವ ಮನೆಗಳು ನಮ್ಮಲ್ಲಿ ಬಹಳ. ಹೂಕೋಸನ್ನು ಉಪ್ಪು, ಅರಿಸಿನ ಹಾಕಿದ ಬಿಸಿನೀರಿನಲ್ಲಿ ಮುಳುಗಿಸಿಟ್ಟು, ಮೇಲೆ ಏನಾದರೂ ತೇಲಿತೇ ಎಂದು ಕಾಯುವವರೂ ಬಹಳ. ಯಾಕೆ ಎಂದು ಕೇಳಿದರೆ ಉತ್ತರ ಸಿದ್ಧವಿರುತ್ತದೆ: ‘ಅದರಲ್ಲಿರೋ ಹುಳ ಹೊಟ್ಟೆಗೆ ಹೋದ್ರೆ ಮಿದುಳಿಗೆ ಏರುತ್ತಂತೆ, ಫಿಟ್ಸ್ ಬರುತ್ತಂತೆ.’ ಇದಕ್ಕೆ ಜೊತೆಯಾಗಿ ಇನ್ನೊಂದು ಮಾತೂ ಓಡಾಡುತ್ತದೆ. ಹಂದಿ ಮಾಂಸ ತಿನ್ನುವವರ ತಲೆಯಲ್ಲಿ ಹುಳು ಗೂಡು ಕಟ್ಟುತ್ತದಂತೆ.

ಎರಡರಲ್ಲೂ ನಿಜದ ಚೂರೊಂದಿದೆ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ಲೆಕ್ಕ ಕೂಡುವುದಿಲ್ಲ. ನರರೋಗ ವೈದ್ಯರ ಕೋಣೆಯ ಮುಂದೆ ಸ್ಕ್ಯಾನ್ ಫಿಲ್ಮ್ ಹಿಡಿದು ಕೂತ ತಂದೆತಾಯಿಗಳಲ್ಲಿ ಎಷ್ಟೋ ಮಂದಿ ಮೊಟ್ಟೆಯನ್ನೂ ಮನೆಯೊಳಗೆ ತಂದವರಲ್ಲ. ಅವರ ಮಗುವಿನ ಮಿದುಳಲ್ಲಿ ಹಂದಿಯಿಂದ ಬರುವ ಹುಳುವಿನ ಗುಳ್ಳೆ ಇದೆ ಎಂದು ವೈದ್ಯರು ಹೇಳಿದಾಗ ಅವರಿಗೆ ಅರ್ಥವೇ ಆಗುವುದಿಲ್ಲ. ಇತ್ತ ವಾರಕ್ಕೊಮ್ಮೆ ಹಂದಿ ಸಾರು ಮಾಡಿ ಉಣ್ಣುವ ಕೊಡಗಿನ ಮನೆಗಳಲ್ಲಿ ಎಲ್ಲರೂ ಫಿಟ್ಸ್ ಬಂದು ಬೀಳುತ್ತಿಲ್ಲ. ಹಾಗಾದರೆ ಹುಳು ಬರುವುದು ಎಲ್ಲಿಂದ?

ಹಸಿರು ಹುಳುವಿನ ಮೇಲಿನ ಸಂಶಯ

ಮೊದಲು ಎಲೆಕೋಸಿನ ಹುಳುವನ್ನು ನೋಡೋಣ. ಪದರಗಳ ನಡುವೆ ಸಿಗುವ ತಿಳಿಹಸಿರು ಬಣ್ಣದ, ಮುಟ್ಟಿದರೆ ಮೈ ಕೊಂಕಿಸಿ ನೂಲಿನಲ್ಲಿ ಜೋತುಬೀಳುವ ಹುಳು ಒಂದು ಪುಟ್ಟ ಪತಂಗದ ಮರಿ. ಕೋಸು ಬೆಳೆಯುವ ರೈತರಿಗೆ ಅದು ಡೈಮಂಡ್ ಬ್ಯಾಕ್ ಮಾತ್ ಎಂಬ ಹೆಸರಿನಲ್ಲೇ ಪರಿಚಿತ. ಕೋಸು, ಸಾಸಿವೆ, ಮೂಲಂಗಿ ಜಾತಿಯ ಗಿಡಗಳನ್ನು ಬಿಟ್ಟರೆ ಅದಕ್ಕೆ ಬದುಕಿಲ್ಲ. ಅಕಸ್ಮಾತ್ ನಮ್ಮ ಹೊಟ್ಟೆಗೆ ಹೋದರೆ ಅನ್ನ ಸಾರಿನ ಜೊತೆ ಅದೂ ಜೀರ್ಣವಾಗುತ್ತದೆ. ಮಿದುಳಿಗೆ ಏರುವ ದಾರಿ ಅದಕ್ಕಿಲ್ಲ.

ಆದರೂ ಎಲೆಕೋಸನ್ನು ತೊಳೆಯುವ ಅಭ್ಯಾಸ ಬಿಡಬೇಡಿ. ಕಣ್ಣಿಗೆ ಕಾಣುವ ಹುಳುವಿನಿಂದ ಅಪಾಯವಿಲ್ಲ, ಆದರೆ ಅದೇ ಎಲೆಯ ಮೇಲೆ ಕಣ್ಣಿಗೆ ಕಾಣದ ಬೇರೊಂದು ಕೂತಿರಬಹುದು. ಅದು ಎಲೆಕೋಸಿನ ಮೇಲೆ ಹುಟ್ಟಿದ್ದಲ್ಲ. ಹಂದಿಯಿಂದ ನೇರವಾಗಿ ಬಂದದ್ದೂ ಅಲ್ಲ. ಅದು ಎಲ್ಲಿಂದ ಬಂತು ಎಂದು ತಿಳಿಯಬೇಕಾದರೆ ಲಾಡಿಹುಳು ತನ್ನ ಬದುಕನ್ನು ಹೇಗೆ ಎರಡು ಪಾಲು ಮಾಡಿಕೊಂಡಿದೆ ಎಂದು ನೋಡಬೇಕು.

ಸಸಿಮಡಿ ಒಂದು ಕಡೆ, ಗದ್ದೆ ಇನ್ನೊಂದು ಕಡೆ

ಭತ್ತ ನಾಟಿ ಮಾಡುವವರು ಬೀಜವನ್ನು ನೇರ ಗದ್ದೆಗೆ ಚೆಲ್ಲುವುದಿಲ್ಲ. ಮೊದಲು ಸಸಿಮಡಿಯಲ್ಲಿ ಬಿತ್ತುತ್ತಾರೆ. ಅಗೆ ಗೇಣುದ್ದ ಬಂದ ಮೇಲೆ ಕಿತ್ತು ಗದ್ದೆಯಲ್ಲಿ ನೆಡುತ್ತಾರೆ. ತೆನೆ ಕಟ್ಟುವುದು ಗದ್ದೆಯಲ್ಲಿ. ಮಡಿಯಲ್ಲೇ ಉಳಿದುಬಿಟ್ಟ ಅಗೆ ಬಲಿತು, ಹಳದಿಗಟ್ಟಿ ಹಾಳಾಗುತ್ತದೆ.

ಹಂದಿ ಲಾಡಿಹುಳುವಿನ ಬದುಕೂ ಹೀಗೆಯೇ ಎರಡು ತಾಕುಗಳಲ್ಲಿ ನಡೆಯುತ್ತದೆ. ಹಂದಿಯ ಮೈ ಅದರ ಸಸಿಮಡಿ. ಮನುಷ್ಯನ ಸಣ್ಣಕರುಳು ಅದರ ನಾಟಿ ಗದ್ದೆ. ಪ್ರಕೃತಿಯಲ್ಲಿ ಈ ಹುಳು ತೆನೆ ಕಟ್ಟುವ ಗದ್ದೆ ಮನುಷ್ಯನ ಕರುಳು ಬಿಟ್ಟರೆ ಬೇರೆ ಯಾವುದೂ ಇಲ್ಲ.

ಗದ್ದೆಯಿಂದ ಶುರುಮಾಡೋಣ. ಕರುಳಿನಲ್ಲಿ ಬೆಳೆದ ಹುಳು 2ರಿಂದ 7 ಮೀಟರ್ ಉದ್ದ ಇರುತ್ತದೆ. ಗುಂಡುಸೂಜಿಯ ತಲೆಯಷ್ಟಿರುವ ಅದರ ತಲೆಯ ಮೇಲೆ ನಾಲ್ಕು ಹೀರುಬಟ್ಟಲುಗಳು, ನೆತ್ತಿಯಲ್ಲಿ ಎರಡು ಸುತ್ತು ಕೊಕ್ಕೆಗಳು. ಇವುಗಳಿಂದ ಅದು ಕರುಳಿನ ಗೋಡೆಯನ್ನು ಹಿಡಿದುಕೊಳ್ಳುತ್ತದೆ. ಬಾಯಿಲ್ಲ, ಹೊಟ್ಟೆಯಿಲ್ಲ. ನಾವು ಜೀರ್ಣಿಸಿದ ಅನ್ನದ ಸತ್ವವನ್ನು ಮೈಚರ್ಮದಿಂದಲೇ ಹೀರಿಕೊಳ್ಳುತ್ತದೆ. ತಲೆಯ ಹಿಂದೆ ಕತ್ತು, ಕತ್ತಿನ ಹಿಂದೆ ಸಾವಿರದವರೆಗೂ ಚಪ್ಪಟೆ ಕಣ್ಣಿಗಳ ಸಾಲು. ಪ್ರತಿ ಕಣ್ಣಿಯಲ್ಲೂ ಗಂಡಿನ ಅಂಗ, ಹೆಣ್ಣಿನ ಅಂಗ ಎರಡೂ ಇರುತ್ತವೆ. ಹೊಸ ಕಣ್ಣಿಗಳು ಕತ್ತಿನಲ್ಲಿ ಹುಟ್ಟುತ್ತವೆ, ಹಳೆಯವು ಬಾಲದ ಕಡೆಗೆ ಸರಿಯುತ್ತಾ ಬಲಿಯುತ್ತವೆ. ಕೊನೆಯ ಕಣ್ಣಿಗಳು ಮೊಟ್ಟೆಯಿಂದ ಬಿರಿದಿರುತ್ತವೆ. ಒಂದೊಂದರಲ್ಲಿ 50 ಸಾವಿರದವರೆಗೆ ಮೊಟ್ಟೆ. ಅವು ಕಳಚಿಕೊಂಡು ಮಲದ ಜೊತೆ ಹೊರಬೀಳುತ್ತವೆ.

ಹುಳುವನ್ನು ಹೊತ್ತವರಿಗೆ ಬಹುಪಾಲು ಏನೂ ಗೊತ್ತಾಗುವುದಿಲ್ಲ. ಒಮ್ಮೊಮ್ಮೆ ಹೊಟ್ಟೆ ತೊಳಸಿದ ಹಾಗೆ, ಅಷ್ಟೆ. ಮಲದಲ್ಲಿ ಬಿಳಿಯ ಚಪ್ಪಟೆ ತುಣುಕು ಕಂಡರೂ ಯಾರೂ ಅದನ್ನು ಇನ್ನೊಬ್ಬರ ಮುಂದೆ ಬಾಯಿಬಿಟ್ಟು ಹೇಳುವುದಿಲ್ಲ.

ಆ ವ್ಯಕ್ತಿ ಬಯಲಿನಲ್ಲಿ ಕೂತು ಬಂದರೆ, ಅಲ್ಲಿ ಬಿಟ್ಟ ಹಂದಿಗಳು ಅದನ್ನು ತಿನ್ನುತ್ತವೆ. ಬೀಜ ಸಸಿಮಡಿಗೆ ಬಿತ್ತು. ಹಂದಿಯ ಜಠರ ಮತ್ತು ಕರುಳಿನ ರಸ ತಗಲಿದೊಡನೆ ಮೊಟ್ಟೆಯ ಗಟ್ಟಿ ಕವಚ ಕರಗಿ, ಆರು ಕೊಕ್ಕೆಗಳಿರುವ ಅತಿ ಸೂಕ್ಷ್ಮ ಮರಿಯೊಂದು ಹೊರಬರುತ್ತದೆ. ಕೊಕ್ಕೆಗಳಿಂದ ಕರುಳಿನ ಗೋಡೆ ಕೊರೆದು ರಕ್ತನಾಳಕ್ಕೆ ಇಳಿಯುತ್ತದೆ. ರಕ್ತ ಒಯ್ದಲ್ಲಿಗೆ ಹೋಗಿ, ಹೆಚ್ಚಾಗಿ ಮಾಂಸಖಂಡಗಳಲ್ಲಿ, ನೆಲೆಯೂರುತ್ತದೆ. ಎರಡು ಮೂರು ತಿಂಗಳಲ್ಲಿ ಅಲ್ಲೊಂದು ಗುಳ್ಳೆ ತಯಾರು. ಅದು ಹೆಸರುಕಾಳಿನಿಂದ ಬಟಾಣಿವರೆಗಿನ ಗಾತ್ರದ ನೀರಿನ ಚೀಲ. ಬೆಳಕಿಗೆ ಹಿಡಿದರೆ ಆಚೆಬದಿ ಕಾಣುವಷ್ಟು ತೆಳು ಪೊರೆ, ಒಳಗೆ ತಿಳಿನೀರು, ಒಂದು ಮಗ್ಗುಲಲ್ಲಿ ಹಾಲುಬಿಳಿ ಚುಕ್ಕಿ. ಆ ಚುಕ್ಕಿಯೇ ಒಳಮುಖವಾಗಿ ಮಡಿಸಿಟ್ಟ ಹುಳುವಿನ ತಲೆ. ಕೊಕ್ಕೆ, ಹೀರುಬಟ್ಟಲು ಎಲ್ಲವೂ ಆಗಲೇ ಮೂಡಿರುತ್ತವೆ. ವೈದ್ಯರು ಇದನ್ನು ಸಿಸ್ಟಿಸರ್ಕಸ್ ಎನ್ನುತ್ತಾರೆ. ನಾವು ಮರಿಗುಳ್ಳೆ ಎನ್ನೋಣ. ಇದೇ ಕೀಳಲು ಸಿದ್ಧವಾದ ಅಗೆ.

ಅರೆಬೆಂದ ಹಂದಿ ಮಾಂಸದ ಜೊತೆ ಈ ಗುಳ್ಳೆ ಮನುಷ್ಯನ ಹೊಟ್ಟೆಗೆ ಹೋದರೆ, ಮಡಿಸಿದ ತಲೆ ಹೊರಚಾಚಿ ಕರುಳನ್ನು ಕಚ್ಚಿ ಹಿಡಿಯುತ್ತದೆ. ಸುಮಾರು ಎರಡು ತಿಂಗಳಲ್ಲಿ ಹುಳು ದೊಡ್ಡದಾಗಿ ಮೊಟ್ಟೆ ಉದುರಿಸಲು ಶುರು. ನಾಟಿ ಮುಗಿಯಿತು.

ಹಂದಿಯ ನಾಲಿಗೆ ಮತ್ತು ಮರಣದಂಡನೆಯ ಕೈದಿ

ಹಂದಿಯ ಮಾಂಸದಲ್ಲಿ ಗುಳ್ಳೆ ಇರುವುದನ್ನು ಮನುಷ್ಯ ಬಹಳ ಹಿಂದೆಯೇ ಕಂಡಿದ್ದ. ಅರಿಸ್ಟಾಟಲ್ ಇದನ್ನು ವಿವರಿಸಿದ್ದಾನೆ. ಅವನಿಗಿಂತ ಮೊದಲಿನ ನಾಟಕಕಾರ ಅರಿಸ್ಟೊಫೆನಿಸ್‌ನ ನಾಟಕವೊಂದರಲ್ಲಿ, ಹಂದಿಯ ಬಾಯಿಗೆ ಗೂಟ ಕೊಟ್ಟು ನಾಲಿಗೆ ಪರೀಕ್ಷಿಸುವ ಪ್ರಸ್ತಾಪ ಬರುತ್ತದೆ. ಲ್ಯಾಟಿನ್ ಅಮೆರಿಕದ ಹಳ್ಳಿಗಳಲ್ಲಿ ಹಂದಿ ಕೊಳ್ಳುವವರು ಇಂದಿಗೂ ಹೀಗೆಯೇ ಮಾಡುತ್ತಾರೆ. ಹಂದಿಯನ್ನು ಮಗ್ಗುಲಾಗಿ ಕೆಡವಿ, ಹಲ್ಲುಗಳ ನಡುವೆ ಕೋಲು ತೂರಿಸಿ, ಬಟ್ಟೆಯಿಂದ ನಾಲಿಗೆ ಹಿಡಿದೆಳೆದು, ಅದರ ಅಡಿಭಾಗವನ್ನು ಬೆರಳಿನಿಂದ ಸವರಿ ಗಂಟು ಸಿಗುತ್ತದೆಯೇ ನೋಡುತ್ತಾರೆ. ಸಿಕ್ಕಿತೆಂದರೆ ಬೆಲೆ ಬಿತ್ತು. ಸಾಕಿದ ಬಡವನಿಗೆ ಅದು ದೊಡ್ಡ ಪೆಟ್ಟು. ಗಂಟಿರುವ ಹಂದಿ ತಪಾಸಣೆ ಇಲ್ಲದ ಕಡೆ ಗುಟ್ಟಾಗಿ ಕಡಿದು ಮಾರಾಟವಾಗುವುದಕ್ಕೆ ಕಾರಣವೂ ಇದೇ.

ಹಂದಿಯ ಗುಳ್ಳೆಗೂ ಮನುಷ್ಯನ ಕರುಳಿನ ಲಾಡಿಗೂ ಸಂಬಂಧವಿದೆ ಎಂದು ಮಾತ್ರ ಎರಡು ಸಾವಿರ ವರ್ಷ ಯಾರಿಗೂ ಹೊಳೆಯಲಿಲ್ಲ. ನೋಡಲು ಅವೆರಡೂ ಅಷ್ಟು ಬೇರೆ. 1784ರಲ್ಲಿ ಗೋಟ್ಸ ಎಂಬ ಜರ್ಮನ್ ಪಾದ್ರಿ ಗುಳ್ಳೆಯೊಳಗಿನ ತಲೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಇದು ಲಾಡಿಹುಳುವಿನ ತಲೆಯಂತೆಯೇ ಇದೆ ಎಂದು ಗುರುತಿಸಿದ. 1853ರಲ್ಲಿ ಬೆಲ್ಜಿಯಂನ ವಾನ್ ಬೆನೆಡೆನ್ ಲಾಡಿಹುಳುವಿನ ಮೊಟ್ಟೆಗಳನ್ನು ಹಂದಿಗೆ ತಿನ್ನಿಸಿ, ಅದರ ಮಾಂಸದಲ್ಲಿ ಗುಳ್ಳೆ ಮೂಡಿದ್ದನ್ನು ತೋರಿಸಿದ. ಅರ್ಧ ಚಕ್ರ ಪೂರ್ತಿಯಾಯಿತು. ಉಳಿದರ್ಧವನ್ನು ಪೂರ್ತಿ ಮಾಡಿದ್ದು ಜರ್ಮನ್ ವೈದ್ಯ ಕ್ಯೂಕೆನ್‌ಮೈಸ್ಟರ್. ಮರಣದಂಡನೆಗೆ ಗುರಿಯಾದ ಕೈದಿಯೊಬ್ಬನ ಊಟದಲ್ಲಿ, ಅವನಿಗೆ ತಿಳಿಯದಂತೆ, ಹಂದಿಯ ಮರಿಗುಳ್ಳೆಗಳನ್ನು ಬೆರೆಸಿ ಕೊಡಿಸಿದ. ಶಿಕ್ಷೆ ಜಾರಿಯಾದ ಮೇಲೆ ಅವನ ಕರುಳು ತೆರೆದು ನೋಡಿದಾಗ ಎಳೆಯ ಲಾಡಿಹುಳುಗಳು ಗೋಡೆಗೆ ಅಂಟಿಕೊಂಡಿದ್ದವು. 1855ರಲ್ಲಿ ಇದನ್ನು ಪ್ರಕಟಿಸಿದಾಗ ಅವನ ಕಾಲದವರೇ ಕೆಲವರು ಖಂಡಿಸಿದರು. ಖಂಡಿಸಿದ್ದು ಸರಿ. ಸಾಯಲಿರುವವನ ಮೈಯೂ ಅವನದೇ. ಆದರೆ ಆ ಪ್ರಯೋಗದಿಂದ ತಿಳಿದ ಸಂಗತಿ ಅಲುಗದೆ ಉಳಿದಿದೆ: ಮಾಂಸದಲ್ಲಿರುವ ಗುಳ್ಳೆ ತಿಂದವನಿಗೆ ಬರುವುದು ಕರುಳಿನ ಲಾಡಿ. ಮಿದುಳಿನ ಗುಳ್ಳೆ ಬರುವ ದಾರಿ ಇದಲ್ಲ.

ಅಗೆ ತಿಂದವರು, ಬೀಜ ತಿಂದವರು

ಈಗ ಗಂಟು ಬಿಚ್ಚುತ್ತದೆ. ಅಗೆ ತಿಂದ ಮನುಷ್ಯ ಗದ್ದೆಯಾಗುತ್ತಾನೆ. ಬೀಜವನ್ನೇ ತಿಂದರೆ?

ಬೀಜವೆಂದರೆ ಲಾಡಿಹುಳುವಿನ ಮೊಟ್ಟೆ. ಅದು ಮನುಷ್ಯನ ಮಲದಲ್ಲಿ ಮಾತ್ರ ಇರುತ್ತದೆ. ಮಿಲಿಮೀಟರಿನ ಸುಮಾರು ಮೂವತ್ತನೆಯ ಒಂದು ಪಾಲು ಅದರ ಗಾತ್ರ. ಉಗುರಿನ ಸಂದಿಯಲ್ಲಿ ನೂರಾರು ಕೂರಬಹುದು. ಅಂಟುಗುಣ ಇರುವುದರಿಂದ ಸೊಪ್ಪಿನ ಎಲೆಗೆ, ಬೆರಳಿಗೆ ಹತ್ತಿಕೊಳ್ಳುತ್ತದೆ. ತೇವ ಇರುವ ಮಣ್ಣಿನಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿರುತ್ತದೆ. ಕೊಳಚೆ ನೀರು ಹಾಯಿಸಿ ಬೆಳೆದ ಕೊತ್ತಂಬರಿ, ಮೂಲಂಗಿ, ಎಲೆಕೋಸಿನ ಜೊತೆಗೆ ಬರಬಹುದು. ಅದಕ್ಕಿಂತ ಹತ್ತಿರದ ದಾರಿ ಕೈ. ಕರುಳಲ್ಲಿ ಹುಳು ಇರುವವರು ಶೌಚದ ಬಳಿಕ ಸೋಪು ಹಾಕಿ ಕೈ ತೊಳೆಯದೆ ಹಿಟ್ಟು ನಾದಿದರೆ, ಚಟ್ನಿ ರುಬ್ಬಿದರೆ, ಮಗುವಿಗೆ ತುತ್ತು ಕೊಟ್ಟರೆ ಸಾಕು.

ಮೊಟ್ಟೆ ಹೊಟ್ಟೆಗೆ ಇಳಿದ ಮೇಲೆ ಮನುಷ್ಯನ ಜಠರಕ್ಕೂ ಹಂದಿಯ ಜಠರಕ್ಕೂ ಅದು ಭೇದ ಮಾಡುವುದಿಲ್ಲ. ಅದೇ ರಸ, ಅದೇ ಬಿಸಿ. ಕವಚ ಕರಗುತ್ತದೆ, ಆರು ಕೊಕ್ಕೆಯ ಮರಿ ಹೊರಬಂದು ಗೋಡೆ ಕೊರೆಯುತ್ತದೆ, ರಕ್ತಕ್ಕಿಳಿಯುತ್ತದೆ. ಗದ್ದೆಯಾಗಬೇಕಿದ್ದ ಮನುಷ್ಯ ಸಸಿಮಡಿಯಾದ. ಈ ಮಡಿಯಿಂದ ಅಗೆ ಕಿತ್ತು ನೆಡುವವರು ಯಾರೂ ಇಲ್ಲ, ಏಕೆಂದರೆ ಮನುಷ್ಯನ ಮಾಂಸವನ್ನು ಮನುಷ್ಯ ತಿನ್ನುವುದಿಲ್ಲ. ಹುಳುವಿನ ಮಟ್ಟಿಗೆ ಇದು ಕುರುಡು ಓಣಿ.

ಸಸ್ಯಾಹಾರಿಯ ಮಿದುಳಲ್ಲಿ ಗುಳ್ಳೆ ಹೇಗೆ ಎಂಬ ಪ್ರಶ್ನೆಗೆ ಉತ್ತರ ಇದು. ಅವರು ಹಂದಿಯ ಮಾಂಸ ತಿನ್ನಬೇಕಾಗಿಲ್ಲ. ಲಾಡಿಹುಳು ಇರುವ ಮನುಷ್ಯರೊಬ್ಬರ ಮಲದ ಕಣ್ಣಿಗೆ ಕಾಣದ ಅಂಶ ಅವರ ತಟ್ಟೆಗೆ ಬಂದಿದ್ದರೆ ಸಾಕು.

ಇದಕ್ಕೆ ನ್ಯೂಯಾರ್ಕಿನ ಉದಾಹರಣೆಗಿಂತ ಸ್ಪಷ್ಟವಾದದ್ದು ಸಿಗದು. ಅಲ್ಲಿಯ ಸಂಪ್ರದಾಯಸ್ಥ ಯೆಹೂದಿ ಸಮುದಾಯದಲ್ಲಿ, ಪರಸ್ಪರ ಸಂಬಂಧವಿಲ್ಲದ ನಾಲ್ವರಿಗೆ ಮಿದುಳಿನ ಮರಿಗುಳ್ಳೆ ಇರುವುದು ಪತ್ತೆಯಾಯಿತು. ಹಂದಿ ಅವರ ಧರ್ಮದಲ್ಲಿ ನಿಷಿದ್ಧ. ಆ ರೋಗ ನೆಲೆಸಿರುವ ದೇಶಕ್ಕೆ ಹೋಗಿ ಬಂದವರು ಅವರಲ್ಲಿ ಒಬ್ಬರು ಮಾತ್ರ. ವೈದ್ಯರು ಮನೆಗಳ ಒಳಗಿನಿಂದ ಹುಡುಕುತ್ತಾ ಹೋದರು. ಆ ಮನೆಗಳಲ್ಲಿ ಅಡುಗೆ, ಮಕ್ಕಳ ಆರೈಕೆಗೆ ಇದ್ದವರು ಲ್ಯಾಟಿನ್ ಅಮೆರಿಕದಿಂದ ಬಂದ ಕೆಲಸದವರು. ಪರೀಕ್ಷಿಸಿದಾಗ ಒಬ್ಬರ ಕರುಳಲ್ಲಿ ಲಾಡಿಹುಳು ಇತ್ತು. ಅವರಿಗೇ ಅದು ಗೊತ್ತಿರಲಿಲ್ಲ. 1992ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಈ ವರದಿ ಬಂತು. ದುಡಿಯಲು ಬಂದವರನ್ನು ದೂರುವುದಕ್ಕೆ ಇದನ್ನು ಬಳಸುವುದು ಅನ್ಯಾಯ. ಹುಳು ಹೊತ್ತವರೂ ರೋಗಿಗಳೇ. ಅದೂ ಎಲ್ಲರಿಗಿಂತ ಹೆಚ್ಚು ಅಪಾಯದಲ್ಲಿರುವ ರೋಗಿಗಳು, ಏಕೆಂದರೆ ತಮ್ಮದೇ ಹುಳುವಿನ ಮೊಟ್ಟೆ ತಮ್ಮದೇ ಬೆರಳಿನಿಂದ ತಮ್ಮ ಬಾಯಿಗೆ ಹೋಗುವ ಸಾಧ್ಯತೆ ಎಲ್ಲಕ್ಕಿಂತ ಹೆಚ್ಚು.

ದನದ ಮಾಂಸದಿಂದ ಬರುವ ಲಾಡಿಹುಳುವೂ ಒಂದಿದೆ. ಅದು ಇನ್ನೂ ಉದ್ದ. ಆದರೆ ಅದರ ಮೊಟ್ಟೆ ಮನುಷ್ಯನ ಮೈಯಲ್ಲಿ ಗುಳ್ಳೆಯಾಗುವುದಿಲ್ಲ. ಮಿದುಳಿನ ವಿಷಯದಲ್ಲಿ ನಾವು ಹೆದರಬೇಕಾದದ್ದು ಹಂದಿ ಲಾಡಿಹುಳುವಿಗೆ.

ಸುಮ್ಮನಿರುವ ಗುಳ್ಳೆ, ಸಾಯುವ ಗುಳ್ಳೆ

ಗುಳ್ಳೆ ಮಿದುಳಲ್ಲೇ ಯಾಕೆ ಕೂರುತ್ತದೆ? ಅಲ್ಲಿ ಮಾತ್ರ ಕೂರುವುದಿಲ್ಲ. ಮಾಂಸಖಂಡ, ಚರ್ಮದ ಅಡಿ, ಕಣ್ಣು ಎಲ್ಲೆಡೆಗೂ ರಕ್ತ ಅದನ್ನು ಒಯ್ಯುತ್ತದೆ. ತೊಡೆಯಲ್ಲಿ ಕೂತ ಗುಳ್ಳೆ ನಮಗೆ ತಿಳಿಯದೆ ಹುಟ್ಟಿ ತಿಳಿಯದೆ ಸಾಯುತ್ತದೆ. ನಮ್ಮ ತೂಕದ ನೂರಕ್ಕೆ ಎರಡು ಪಾಲಷ್ಟೇ ಇರುವ ಮಿದುಳಿಗೆ ಹೃದಯ ತಳ್ಳುವ ರಕ್ತದ ಸುಮಾರು ಏಳನೆಯ ಒಂದು ಪಾಲು ಹರಿಯುತ್ತದೆ. ಹಾಗಾಗಿ ಅಲ್ಲಿಗೂ ಮರಿಗಳು ತಲುಪುತ್ತವೆ, ಮತ್ತು ಅಲ್ಲಿ ಒಂದೇ ಒಂದು ಗುಳ್ಳೆ ಇದ್ದರೂ ಅದು ತನ್ನನ್ನು ತೋರಿಸಿಕೊಳ್ಳುತ್ತದೆ.

ತೋರಿಸಿಕೊಳ್ಳುವುದು ಯಾವಾಗ ಎಂಬುದೇ ಈ ರೋಗದ ಅತಿ ವಿಚಿತ್ರ ಸಂಗತಿ. 1930ರ ದಶಕದಲ್ಲಿ ಬ್ರಿಟಿಷ್ ಸೇನಾ ವೈದ್ಯ ಮ್ಯಾಕ್‌ಆರ್ಥರ್, ಭಾರತದಲ್ಲಿ ಸೇವೆ ಮಾಡಿ ಹಿಂದಿರುಗಿದ ಸೈನಿಕರಲ್ಲಿ ಮೂರ್ಛೆರೋಗ ಕಾಣಿಸಿಕೊಳ್ಳುತ್ತಿರುವುದಕ್ಕೆ ಈ ಗುಳ್ಳೆಗಳೇ ಕಾರಣ ಎಂದು ತೋರಿಸಿದರು. ಆ ಸೈನಿಕರ ಮನೆತನದಲ್ಲಿ ಮೂರ್ಛೆರೋಗ ಇರಲಿಲ್ಲ. ಇಲ್ಲಿರುವಾಗ ಗಟ್ಟಿಮುಟ್ಟಾಗಿದ್ದರು. ಮುಂದೆ ಡಿಕ್ಸನ್ ಮತ್ತು ಲಿಪ್ಸ್‌ಕೂಂಬ್ ಎಂಬ ವೈದ್ಯರು ಇಂಥ 450 ಜನರನ್ನು ಹಿಂಬಾಲಿಸಿ, 1961ರಲ್ಲಿ ವರದಿ ಕೊಟ್ಟರು. ಸೋಂಕು ತಗಲಿದ ಮೇಲೆ ಮೊದಲ ಫಿಟ್ಸ್ ಬರಲು ಬಹಳ ಮಂದಿಗೆ ಕೆಲವು ವರ್ಷ ಹಿಡಿದಿತ್ತು. ಕೆಲವರಿಗೆ ಇಪ್ಪತ್ತು ವರ್ಷ ಮೀರಿತ್ತು.

ಅಷ್ಟು ಕಾಲ ಗುಳ್ಳೆ ಏನು ಮಾಡುತ್ತಿತ್ತು? ಬದುಕಿತ್ತು. ಬದುಕಿರುವ ಗುಳ್ಳೆ ತನ್ನ ಪೊರೆಯಿಂದ ಕೆಲವು ರಾಸಾಯನಿಕಗಳನ್ನು ಒಸರುತ್ತಾ ನಮ್ಮ ಮೈಯ ಕಾವಲು ಪಡೆಯನ್ನು ಸುಮ್ಮನಾಗಿಸಿರುತ್ತದೆ. ಸುತ್ತಲಿನ ಮಿದುಳಿನ ಭಾಗದಲ್ಲಿ ಊತವಿಲ್ಲ, ಉರಿಯಿಲ್ಲ. ಹಂದಿಯಲ್ಲಾದರೆ ಇಷ್ಟರೊಳಗೆ ಕಟುಕನ ಕತ್ತಿ ಬಂದು ಅಗೆ ಕೀಳಬೇಕಿತ್ತು. ಮನುಷ್ಯನಲ್ಲಿ ಯಾರೂ ಬರುವುದಿಲ್ಲ. ಗುಳ್ಳೆಗೆ ವಯಸ್ಸಾಗುತ್ತದೆ. ಪೊರೆ ಸಡಿಲವಾಗಿ ಒಳಗಿನ ದ್ರವ ಜಿನುಗುತ್ತದೆ. ಇಷ್ಟು ದಿನ ಮರೆಯಲ್ಲಿದ್ದ ಪರಕೀಯ ವಸ್ತು ಕಾವಲು ಪಡೆಯ ಕಣ್ಣಿಗೆ ಒಮ್ಮೆಲೇ ಬೀಳುತ್ತದೆ. ರಕ್ಷಕ ಕೋಶಗಳು ಮುತ್ತಿಕೊಳ್ಳುತ್ತವೆ, ಸುತ್ತ ಊತ ಬರುತ್ತದೆ, ಅಕ್ಕಪಕ್ಕದ ನರಕೋಶಗಳು ಕೆರಳಿ ಒಟ್ಟಿಗೆ ಮಿಡಿಯುತ್ತವೆ. ಒಂದು ಕೈ ಅದುರಲು ಶುರುವಾಗುತ್ತದೆ, ಬಾಯಿ ಒಂದು ಪಕ್ಕಕ್ಕೆ ಸೊಟ್ಟಗಾಗುತ್ತದೆ, ಮಗು ಪ್ರಜ್ಞೆ ತಪ್ಪಿ ಬೀಳುತ್ತದೆ.

ಅಂದರೆ ಫಿಟ್ಸ್ ಬಂದದ್ದು ಹುಳು ಮಿದುಳನ್ನು ತಿನ್ನುತ್ತಿದ್ದುದರಿಂದ ಅಲ್ಲ. ಹುಳು ಸಾಯುತ್ತಿತ್ತು, ನಮ್ಮ ಮೈ ಅದರ ಮೇಲೆ ಹೋರಾಟಕ್ಕೆ ಇಳಿದಿತ್ತು. ಆ ಹೋರಾಟದ ಪೆಟ್ಟು ಮಿದುಳಿಗೆ ಬಿತ್ತು.

ಕೆಲವರಲ್ಲಿ ಗುಳ್ಳೆ ಕೊನೆಗೆ ಸುಣ್ಣಗಟ್ಟಿ ಅಕ್ಕಿನುಚ್ಚಿನಷ್ಟು ಗಟ್ಟಿ ಕಲೆಯಾಗಿ ಉಳಿಯುತ್ತದೆ. ಆ ಕಲೆಯೂ ಮುಂದೆಂದಾದರೂ ಫಿಟ್ಸ್ ತರಿಸಬಹುದು.

ಫಿಟ್ಸ್ ಬಂದವರ ಕೈಗೆ ಬೀಗದ ಕೈ, ಕಬ್ಬಿಣದ ತುಂಡು ತುರುಕುವ, ಮೂಗಿಗೆ ಚಪ್ಪಲಿ ಹಿಡಿಯುವ ಪದ್ಧತಿ ಇನ್ನೂ ಹೋಗಿಲ್ಲ. ದಯವಿಟ್ಟು ಮಾಡಬೇಡಿ. ಬಾಯಿಗೂ ಏನೂ ಹಾಕಬೇಡಿ. ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಿ, ಸುತ್ತ ಇರುವ ಚೂಪಾದ ವಸ್ತುಗಳನ್ನು ಸರಿಸಿ. ಐದು ನಿಮಿಷ ಕಳೆದರೂ ನಿಲ್ಲದಿದ್ದರೆ ಕಾಯದೆ ಆಸ್ಪತ್ರೆಗೆ ಹೊರಡಿ.

ಬೆಂಕಿಗೆ ಬಿದ್ದವರು

ರೋಗ ಒಂದು ಊರಿಗೆ ಹೊಸದಾಗಿ ಕಾಲಿಟ್ಟರೆ ಏನಾಗುತ್ತದೆ ಎಂಬುದನ್ನು ಜಗತ್ತು ಒಮ್ಮೆ ಕಣ್ಣಾರೆ ಕಂಡಿತು. ನ್ಯೂಗಿನಿ ದ್ವೀಪದ ಪಶ್ಚಿಮಾರ್ಧ ಇಂಡೊನೇಷ್ಯಾಕ್ಕೆ ಸೇರಿದ್ದು. ಅಲ್ಲಿಯ ಎತ್ತರದ ಗುಡ್ಡಗಳ ನಡುವೆ ಪನಿಯಾಯ್ ಸರೋವರಗಳ ಸುತ್ತ ಎಕಾರಿ ಜನ ಬಾಳುತ್ತಾರೆ. ಹಂದಿ ಅವರ ಸಂಪತ್ತು, ಹಬ್ಬ, ಮದುವೆಯ ಮಾತುಕತೆ ಎಲ್ಲವೂ. 1970ರ ಸುಮಾರಿಗೆ ಸರ್ಕಾರ ಅವರಿಗೆ ಬಾಲಿಯಿಂದ ತಂದ ಹಂದಿಗಳನ್ನು ಉಡುಗೊರೆಯಾಗಿ ಕೊಟ್ಟಿತು. ಕೆಲವೇ ವರ್ಷಗಳಲ್ಲಿ ಅಲ್ಲಿಯ ಆಸ್ಪತ್ರೆಗೆ ಸುಟ್ಟಗಾಯದ ರೋಗಿಗಳು ಸಾಲುಸಾಲಾಗಿ ಬರತೊಡಗಿದರು. ಗುಡ್ಡದ ಚಳಿಗೆ ಎಲ್ಲರೂ ಒಲೆಯ ಸುತ್ತ ಮಲಗುತ್ತಿದ್ದರು. ನಿದ್ದೆಯಲ್ಲಿ ಫಿಟ್ಸ್ ಬಂದವರು ಬೆಂಕಿಗೆ ಉರುಳುತ್ತಿದ್ದರು. ಪ್ರಜ್ಞೆ ಇಲ್ಲದ್ದರಿಂದ ಕೈಕಾಲು ಬೇಯುತ್ತಿದ್ದರೂ ಏಳುತ್ತಿರಲಿಲ್ಲ. ನೊಬೆಲ್ ಪುರಸ್ಕೃತ ವೈದ್ಯ ಗಾಯ್ಡುಶೆಕ್ 1978ರಲ್ಲಿ ಈ ದುರಂತವನ್ನು ದಾಖಲಿಸಿದರು.

ಹಂದಿಗಳೊಂದಿಗೆ ಬಂದದ್ದು ಸಸಿಮಡಿ. ಅರೆಬೆಂದ ಮಾಂಸದ ಹಬ್ಬದೂಟದಲ್ಲಿ ನಾಟಿಯಾಯಿತು. ಕಕ್ಕಸು ಇಲ್ಲದ ಊರಿನಲ್ಲಿ ಬೀಜ ಎಲ್ಲೆಡೆ ಹರಡಿತು. ಮೂರೂ ಕೂಡಿದ್ದರಿಂದ ಹೀಗಾಯಿತು. ಒಂದು ತಪ್ಪಿದ್ದರೂ ಇಷ್ಟು ಆಗುತ್ತಿರಲಿಲ್ಲ.

ವೆಲ್ಲೂರಿನಲ್ಲಿ ಬಿಚ್ಚಿಕೊಂಡ ಒಗಟು

ನಮ್ಮ ದೇಶದಲ್ಲಿ ಈ ರೋಗದ ದಾಖಲೆ 1888ರ ಮದ್ರಾಸಿನಷ್ಟು ಹಳೆಯದು. ಆದರೆ ಅದರ ನಿಜವಾದ ವ್ಯಾಪ್ತಿ ತಿಳಿದದ್ದು ಸಿ.ಟಿ. ಸ್ಕ್ಯಾನ್ ಬಂದ ಮೇಲೆ. 1980ರ ದಶಕದಲ್ಲಿ ಫಿಟ್ಸ್ ಬಂದ ಮಕ್ಕಳ, ಯುವಕರ ತಲೆಯ ಸ್ಕ್ಯಾನ್ ಮಾಡಿದಾಗ ಮತ್ತೆ ಮತ್ತೆ ಒಂದೇ ಚಿತ್ರ ಕಾಣುತ್ತಿತ್ತು: ಪುಟ್ಟದೊಂದು ಬಿಳಿ ಉಂಗುರ, ಸುತ್ತ ಊತ. ಕ್ಷಯ ಇಲ್ಲಿ ಅಷ್ಟು ಸಾಮಾನ್ಯವಾದ್ದರಿಂದ ಇದನ್ನು ಮಿದುಳಿನ ಕ್ಷಯದ ಗಂಟು ಎಂದೇ ಬಗೆದು, ತಿಂಗಳುಗಟ್ಟಲೆ ಕ್ಷಯದ ಮಾತ್ರೆ ಕೊಡಲಾಗುತ್ತಿತ್ತು. ಉಂಗುರ ಮಾಯವಾಗುತ್ತಿತ್ತು, ಚಿಕಿತ್ಸೆ ಫಲಿಸಿತೆಂದು ಎಲ್ಲರೂ ನಂಬುತ್ತಿದ್ದರು. ಕಾಡುವ ಸಂಗತಿಯೆಂದರೆ ಕ್ಷಯದ ಮಾತ್ರೆ ಕೊಡದವರಲ್ಲೂ ಉಂಗುರ ಮಾಯವಾಗುತ್ತಿತ್ತು.

ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ನರಶಸ್ತ್ರ ವೈದ್ಯರಾದ ಮ್ಯಾಥ್ಯೂ ಚಾಂಡಿ, ವೇದಾಂತಂ ರಾಜಶೇಖರ್ ಮತ್ತು ಸಂಗಡಿಗರು ಆ ಪುಟ್ಟ ಗಂಟನ್ನೇ ಹೊರತೆಗೆದು ಸೂಕ್ಷ್ಮದರ್ಶಕದಡಿ ನೋಡಿದರು. ಅಲ್ಲಿದ್ದದ್ದು ಕ್ಷಯದ ಗಂಟಲ್ಲ, ಸಾಯುತ್ತಿದ್ದ ಮರಿಗುಳ್ಳೆ. 1989ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಉಂಗುರ ತಾನಾಗಿಯೇ ಮಾಯವಾಗುತ್ತಿದ್ದುದರ ಕಾರಣವೂ ಗೊತ್ತಾಯಿತು. ಸತ್ತ ಗುಳ್ಳೆಯನ್ನು ನಮ್ಮ ಮೈಯೇ ನಿಧಾನಕ್ಕೆ ಕರಗಿಸಿ ಶುಚಿಗೊಳಿಸುತ್ತಿತ್ತು. ಲೆಕ್ಕವಿಲ್ಲದಷ್ಟು ಜನ ಬೇಡದ ಮಾತ್ರೆಗಳಿಂದ, ತಲೆ ತೆರೆಯುವ ಶಸ್ತ್ರಚಿಕಿತ್ಸೆಯಿಂದ ಪಾರಾದರು. ಭಾರತದ ವೈದ್ಯವಿಜ್ಞಾನ ಹೆಮ್ಮೆ ಪಡಬೇಕಾದ ಕೆಲಸಗಳಲ್ಲಿ ಇದು ಒಂದು ಎಂದು ನನ್ನ ಎಣಿಕೆ. ಅದೇ ತಂಡ ಮುಂದೆ ವೆಲ್ಲೂರು ಜಿಲ್ಲೆಯಲ್ಲಿ ಮನೆಮನೆಗೆ ಹೋಗಿ ನಡೆಸಿದ ಅಧ್ಯಯನದಲ್ಲಿ, ಮೂರ್ಛೆರೋಗ ಇರುವವರಲ್ಲಿ ಸುಮಾರು ಮೂರನೆಯ ಒಂದು ಪಾಲು ಜನರಿಗೆ ಈ ಗುಳ್ಳೆಗಳೇ ಕಾರಣ ಎಂದು ಕಂಡಿತು.

ಚಿಕಿತ್ಸೆಯೂ ಗುಳ್ಳೆಯ ಸ್ವಭಾವ ತಿಳಿದೇ ನಡೆಯಬೇಕು. ಅಲ್ಬೆಂಡಜೋಲ್ ಮಾತ್ರೆ ಗುಳ್ಳೆಯನ್ನು ಕೊಲ್ಲುತ್ತದೆ. ಕೊಂದರೆ ಊತ ಬರುತ್ತದೆ. ಆದ್ದರಿಂದ ಜೊತೆಗೆ ಊತ ತಗ್ಗಿಸುವ ಸ್ಟೀರಾಯ್ಡ್, ಫಿಟ್ಸ್ ತಡೆಯುವ ಮಾತ್ರೆ ಬೇಕು. ಮೊದಲು ಕಣ್ಣಿನ ಪರೀಕ್ಷೆ ಆಗಬೇಕು, ಏಕೆಂದರೆ ಕಣ್ಣೊಳಗಿನ ಗುಳ್ಳೆ ಸತ್ತು ಊದಿದರೆ ದೃಷ್ಟಿಯೇ ಹೋಗಬಹುದು. ಮಿದುಳಿನ ತುಂಬ ಗುಳ್ಳೆಗಳಿದ್ದು ಊತ ಜೋರಾಗಿದ್ದರೆ ಕೊಲ್ಲುವ ಮಾತ್ರೆಯನ್ನು ಕೊಡುವಂತೆಯೇ ಇಲ್ಲ. ‘ತಲೇಲಿ ಹುಳ ಇದೆಯಂತೆ, ಜಂತುಹುಳದ ಮಾತ್ರೆ ಕೊಡಿ’ ಎಂದು ಔಷಧಿ ಅಂಗಡಿಗೆ ಹೋಗುವುದು ಎಷ್ಟು ಅಪಾಯವೆಂದು ಇದರಿಂದ ತಿಳಿಯಬಹುದು.

ನಾಯಿ ಗದ್ದೆಯಾದಾಗ

ಬೇರೆ ಲಾಡಿಹುಳುಗಳೂ ಇದೇ ಎರಡು ತಾಕಿನ ಬೇಸಾಯ ಮಾಡುತ್ತವೆ, ತಾಕುಗಳು ಮಾತ್ರ ಬೇರೆ. ಹಿಂಡಿನಿಂದ ಬೇರೆಯಾಗಿ, ತಲೆ ಓರೆ ಮಾಡಿ, ಒಂದೇ ದಿಕ್ಕಿಗೆ ಸುತ್ತು ಹೊಡೆಯುವ ಕುರಿಯನ್ನು ಕುರಿಗಾಹಿಗಳು ಕಂಡಿರುತ್ತಾರೆ. ಅದರ ಮಿದುಳಲ್ಲಿ ನಾಯಿಯ ಲಾಡಿಹುಳುವೊಂದರ ಗುಳ್ಳೆ ಬೆಳೆದಿರುತ್ತದೆ. ಹಿಂಡು ತಪ್ಪಿದ ಕುರಿ ತೋಳ, ನಾಯಿಗಳಿಗೆ ಸುಲಭದ ತುತ್ತು. ಅದರ ತಲೆ ತಿಂದ ನಾಯಿಯ ಕರುಳಲ್ಲಿ ಹುಳು ತೆನೆ ಕಟ್ಟುತ್ತದೆ.

ಮನುಷ್ಯನಿಗೆ ಇದಕ್ಕಿಂತ ಹೆಚ್ಚು ಕಾಟ ಕೊಡುವುದು ನಾಯಿಯದೇ ಇನ್ನೊಂದು ಲಾಡಿಹುಳು. ಉದ್ದ ಕೆಲವೇ ಮಿಲಿಮೀಟರ್. ಅದರ ಸಸಿಮಡಿ ಕುರಿ, ಮೇಕೆ, ದನ. ನಾಯಿಯ ಮಲದಲ್ಲಿರುವ ಮೊಟ್ಟೆ ಅಕಸ್ಮಾತ್ ನಮ್ಮ ಬಾಯಿಗೆ ಹೋದರೆ ಯಕೃತ್ತು ಅಥವಾ ಶ್ವಾಸಕೋಶದಲ್ಲಿ ಗುಳ್ಳೆ ಹುಟ್ಟಿ, ವರ್ಷಗಟ್ಟಲೆ ಬೆಳೆದು ತೆಂಗಿನಕಾಯಿಯಷ್ಟೂ ಆಗಬಹುದು. ಇದೇ ಹೈಡಾಟಿಡ್. ಒಡೆದರೆ ಪ್ರಾಣಾಪಾಯ.

ಐಸ್‌ಲ್ಯಾಂಡಿನಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಈ ರೋಗ ವಿಪರೀತವಾಗಿತ್ತು. 1863ರಲ್ಲಿ ಡೆನ್ಮಾರ್ಕಿನ ಹರಾಲ್ಡ್ ಕ್ರಾಬೆ ಅಲ್ಲಿಗೆ ಹೋಗಿ ನಾಯಿಗಳನ್ನು ಪರೀಕ್ಷಿಸಿ, ಜನರಿಗೆ ತಿಳಿಯುವಂತೆ ಕಿರುಹೊತ್ತಿಗೆಯೊಂದನ್ನು ಬರೆದ. ಅದನ್ನು ಐಸ್‌ಲ್ಯಾಂಡಿಕ್ ಭಾಷೆಯಲ್ಲಿ ಅಚ್ಚುಮಾಡಿ ಮನೆಗಳಿಗೆ ಹಂಚಿದರು. ಕಡಿದ ಕುರಿಯ ಗುಳ್ಳೆಯುಳ್ಳ ಅಂಗಗಳನ್ನು ನಾಯಿಗೆ ಹಾಕಬೇಡಿ, ಹೂಳಿ ಅಥವಾ ಸುಡಿ ಎಂಬುದು ಅದರ ತಿರುಳು. ಮೊದಲು ಓದಿ ತಿಳಿದು, ಮುಂದೆ ಕಾನೂನಿನ ಬಲವನ್ನೂ ಪಡೆದು, ಆ ದೇಶ ರೋಗವನ್ನು ಪೂರ್ತಿ ಅಳಿಸಿಹಾಕಿತು. ನಮ್ಮ ಮಾಂಸದಂಗಡಿಗಳ ಹಿಂದೆ ಬೀದಿನಾಯಿಗಳು ಕಾದು ಕೂತಿರುವುದನ್ನು ನೋಡಿದಾಗಲೆಲ್ಲ ಆ ಪುಟ್ಟ ಪುಸ್ತಕ ನೆನಪಾಗುತ್ತದೆ.

ಎಲ್ಲಿ ಕಡಿಯಬೇಕು

ಹಂದಿ ಲಾಡಿಹುಳುವಿನ ಚಕ್ರವನ್ನೂ ಕಡಿಯಬಹುದು. ಪೆರು ದೇಶದ ತುಂಬೆಸ್ ಪ್ರಾಂತದ 107 ಹಳ್ಳಿಗಳಲ್ಲಿ, ಸುಮಾರು 81 ಸಾವಿರ ಜನ ಮತ್ತು 55 ಸಾವಿರ ಹಂದಿಗಳ ನಡುವೆ, ವೈದ್ಯ ಹೆಕ್ಟರ್ ಗಾರ್ಸಿಯಾ ಮತ್ತು ಸಂಗಡಿಗರು ಇದನ್ನು ಮಾಡಿ ತೋರಿಸಿದರು. ಜನರಿಗೆ ಹುಳು ಬೀಳಿಸುವ ಮಾತ್ರೆ, ಹಂದಿಗಳಿಗೆ ಗುಳ್ಳೆ ಕೊಲ್ಲುವ ಔಷಧಿ ಮತ್ತು ಲಸಿಕೆ. ಗದ್ದೆ, ಮಡಿ ಎರಡಕ್ಕೂ ಒಟ್ಟಿಗೆ ಕೈ ಹಾಕಿದರು. 2016ರಲ್ಲಿ ಪ್ರಕಟವಾದ ವರದಿಯಂತೆ 105 ಹಳ್ಳಿಗಳಲ್ಲಿ ಹರಡುವಿಕೆ ನಿಂತಿತು. ಆಸ್ಟ್ರೇಲಿಯಾದ ಮೆಲ್ಬರ್ನ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಆ ಹಂದಿ ಲಸಿಕೆಯನ್ನು ಈಗ ತಯಾರಿಸುತ್ತಿರುವುದು ನಮ್ಮ ಪಕ್ಕದ ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ಕಂಪನಿ. ಇಷ್ಟು ಹತ್ತಿರ ತಯಾರಾಗುವ ಲಸಿಕೆ ನಮ್ಮ ಹಂದಿ ಸಾಕುವವರ ಕೊಟ್ಟಿಗೆಗೂ ತಲುಪಬೇಕು. ಹಂದಿ ಸಾಕುವ ಬಡ ಕುಟುಂಬಗಳನ್ನು ಊರಾಚೆ ಅಟ್ಟುವ ಮಾತಾಡುವುದಕ್ಕಿಂತ ಇದು ಸಾವಿರ ಪಾಲು ಉಪಯೋಗದ ಕೆಲಸ.

ಮನೆಯ ಮಟ್ಟದಲ್ಲಿ ಮಾಡಬೇಕಾದದ್ದು ಕಷ್ಟದ್ದಲ್ಲ. ಹಂದಿ ಮಾಂಸ ತಿನ್ನುವವರು ಒಳಗಿನ ತುಂಡಿನಲ್ಲೂ ಕೆಂಪು ಉಳಿಯದಂತೆ ಬೇಯಿಸಿ. ಹೊತ್ತು ಹಿಡಿದು ಕುದಿಸುವ ಕೊಡಗಿನ ಪಂದಿ ಕರಿಯಲ್ಲಿ ಗುಳ್ಳೆ ಬದುಕಿ ಉಳಿಯುವ ಭಯವಿಲ್ಲ. ಹಸಿಯಾಗಿ ತಿನ್ನುವ ಸೊಪ್ಪು, ಸೌತೆ, ಮೂಲಂಗಿಯನ್ನು ಹರಿಯುವ ನೀರಿನಲ್ಲಿ ಉಜ್ಜಿ ತೊಳೆಯಿರಿ. ನೀರಿಗೆ ಹಾಕುವ ಕ್ಲೋರಿನ್ ಈ ಮೊಟ್ಟೆಯನ್ನು ಕೊಲ್ಲುವುದಿಲ್ಲ, ಬೇಯಿಸುವುದು ಕೊಲ್ಲುತ್ತದೆ. ಅಡುಗೆಗೆ ಕೂರುವ ಮೊದಲು, ಶೌಚದ ಬಳಿಕ ಸೋಪಿನಿಂದ ಕೈ, ಅದಕ್ಕಿಂತ ಮುಖ್ಯವಾಗಿ ಉಗುರಿನ ಸಂದಿ ತೊಳೆಯಿರಿ.

ಇನ್ನೊಂದು ಮಾತು, ನಾಚಿಕೆ ಬಿಟ್ಟು ಕೇಳಿಸಿಕೊಳ್ಳಬೇಕಾದದ್ದು. ನಿಮ್ಮ ಮಲದಲ್ಲಿ, ಮನೆಯವರ, ಮನೆಗೆಲಸಕ್ಕೆ ಬರುವವರ ಮಲದಲ್ಲಿ ಬಿಳಿಯ ಚಪ್ಪಟೆ ತುಣುಕುಗಳು ಕಂಡರೆ ಮುಚ್ಚಿಡಬೇಡಿ. ವೈದ್ಯರ ಬಳಿ ಹೋಗಿ ಹೇಳಿ, ಹೇಳಲು ಅವರಿಗೂ ಧೈರ್ಯ ಕೊಡಿ. ಮಲಪರೀಕ್ಷೆ ಸರ್ಕಾರಿ ಆಸ್ಪತ್ರೆಯಲ್ಲೂ ಆಗುತ್ತದೆ. ನಿಕ್ಲೊಸಮೈಡ್ ಎಂಬ ಔಷಧಿ ರಕ್ತಕ್ಕೆ ಸೇರದೆ ಕರುಳಿನಲ್ಲೇ ಕೆಲಸ ಮಾಡುತ್ತದೆ. ಒಂದೇ ಸಲ ಕೊಟ್ಟರೆ ಸಾಮಾನ್ಯವಾಗಿ ಹುಳು ಬೀಳುತ್ತದೆ.